ನಿನ್ನೆಗೆ ಮುಗಿದ ಪಾಸು

ಬೆಳಗಿನ ಎಂಟು ಗಂಟೆಯ ಬಸ್ಸು. ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಹೋಗುವ ಹುಡುಗ ಎಂದಿನಂತೆ ಪಾಸು ತೋರಿಸುತ್ತಾನೆ. ಕಂಡಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ನಿನ್ನೆಗೇ ಮುಗೀತಲ್ಲಪ್ಪ ಇದು, ಟಿಕೆಟ್ ತಗೋ’ ಎನ್ನುತ್ತಾರೆ. ಎರಡು ವರ್ಷದಿಂದ ದಿನವೂ ನೋಡುತ್ತಿರುವ ಮುಖ. ಹುಡುಗ ಅದೇ, ಕಾಲೇಜು ಅದೇ, ಪಾಸಿನ ಮೇಲಿನ ಫೋಟೋ ಕೂಡ ಅದೇ. ಆದರೂ ಪಾಸು ನಡೆಯದು. ಕಂಡಕ್ಟರ್ ಕೆಟ್ಟವರೇನಲ್ಲ. ಮುಖ ನೋಡುವಂತೆ ತಾರೀಕು ನೋಡುವುದೂ ಅವರ ಕೆಲಸ.

ಇಂಟರ್‌ನೆಟ್‌ನಲ್ಲೂ ಇಂಥದೇ ಒಬ್ಬ ಕಂಡಕ್ಟರ್ ಉಂಟು. ಅದರ ಹೆಸರು ಬ್ರೌಸರ್. ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಎಂದಿರುವ ಯಾವ ತಾಣಕ್ಕೆ ಹೋದರೂ ಅದು ಮೊದಲು ಕೇಳುವುದು ‘ನಿನ್ನ ಪ್ರಮಾಣಪತ್ರ ತೋರಿಸು’ ಎಂದು. ಪತ್ರ ಸರಿಯಿದ್ದರೆ ನೋಡುವವರಿಗೆ ಇದಾವುದೂ ತಿಳಿಯುವುದಿಲ್ಲ. ಸರಿಯಿಲ್ಲದಿದ್ದರೆ ಪರದೆ ತುಂಬ ಎಚ್ಚರಿಕೆ ಮೂಡುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಈ ಪತ್ರ ನೋಡಿಕೊಳ್ಳಲು ಜನರಿರುತ್ತಾರೆ. ಮನೆಯಲ್ಲೇ ಸರ್ವರ್ ಇಟ್ಟುಕೊಂಡ ವಿದ್ಯಾರ್ಥಿ ಅದನ್ನು ತಾನೇ ನೋಡಿಕೊಳ್ಳಬೇಕು.

ಮನೆಯಲ್ಲೊಂದು ಸರ್ವರ್

ಸರ್ವರ್ ಎಂದರೆ ಬೇರೇನೂ ಅಲ್ಲ, ಕೇಳಿದವರಿಗೆ ಕೇಳಿದ್ದನ್ನು ಕೊಡುವ ಕಂಪ್ಯೂಟರ್. ಪಿಯುಸಿ ಓದುವ ಹುಡುಗಿಯೊಬ್ಬಳು ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಒರೆಸಿ, ಲಿನಕ್ಸ್ ಹಾಕಿ, ಮನೆಯ ಫೋಟೋಗಳನ್ನೂ ತನ್ನ ನೋಟ್ಸುಗಳನ್ನೂ ಅದರಲ್ಲಿ ಇಟ್ಟಳು ಎಂದು ಊಹಿಸಿಕೊಳ್ಳಿ. ಕೆಲಸದ ಮೇಲೆ ಪರಊರಿನಲ್ಲಿರುವ ತಂದೆ ತಮ್ಮ ಫೋನಿನಲ್ಲಿ ಅವನ್ನು ನೋಡಬಹುದು. ಸಂತೋಷದ ವಿಷಯವೇ. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ತಂದೆಯ ಫೋನು ಬರುತ್ತದೆ.

‘ಪುಟ್ಟಿ, ಏನೋ ಕೆಂಪಗೆ ಬರ್ತಿದೆಯಲ್ಲ, ಸಂಪರ್ಕ ಸುರಕ್ಷಿತ ಅಲ್ಲ ಅಂತ.’

‘ಅದಾ ಅಪ್ಪ, ಸರ್ಟಿಫಿಕೇಟ್ ಮುಗಿದಿರಬೇಕು. ಕೆಳಗಡೆ ಒತ್ತಿ ಮುಂದಕ್ಕೆ ಹೋಗಿ, ಏನೂ ಆಗಲ್ಲ.’

ಆ ರಾತ್ರಿ ನಿಜಕ್ಕೂ ಏನೂ ಆಗಲಿಕ್ಕಿಲ್ಲ. ಆದರೆ ತಂದೆ ಒಂದು ಪಾಠ ಕಲಿತರು: ಕೆಂಪು ಪರದೆ ಬಂದರೆ ಕೆಳಗೆ ಒತ್ತಿ ಮುಂದಕ್ಕೆ ಹೋಗುವುದು. ಮುಂದೊಂದು ದಿನ ಅದೇ ಪರದೆ ಅವರ ಬ್ಯಾಂಕಿನ ಪುಟದಲ್ಲಿ ಕಾಣಿಸಿಕೊಂಡರೆ? ಅಲ್ಲಿಯೂ ಅವರ ಬೆರಳು ಕೆಳಗೇ ಹೋಗುತ್ತದೆ. ಮಗಳ ಸರ್ವರಿನ ಅವಧಿ ಮುಗಿದ ಪತ್ರದಿಂದ ಆದ ನಿಜವಾದ ನಷ್ಟ ಇದು. ಅದು ಎಷ್ಟು ದೊಡ್ಡ ನಷ್ಟವೆಂದು ತಿಳಿಯಲು ಆ ಪತ್ರದಲ್ಲಿ ಏನಿರುತ್ತದೆ ಎಂಬುದನ್ನು ತಿಳಿಯಬೇಕು.

ಗೆಜೆಟೆಡ್ ಅಧಿಕಾರಿಯ ಸಹಿ

ಅಂಕಪಟ್ಟಿಯ ಜೆರಾಕ್ಸ್ ಪ್ರತಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಲು ಅಲೆದ ನೆನಪು ಬಹಳ ತಂದೆತಾಯಂದಿರಿಗೆ ಇರುತ್ತದೆ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತರಿಗೆ ಹುಡುಗನ ಪರಿಚಯವಿಲ್ಲ. ಆದರೆ ಸಹಿ ಹಾಕಿದ ಅಧಿಕಾರಿಯ ಹುದ್ದೆ ಗೊತ್ತು, ಮೊಹರು ಗೊತ್ತು. ಆ ನಂಬಿಕೆಯ ಮೇಲೆ ಪ್ರತಿಯನ್ನು ಒಪ್ಪುತ್ತಾರೆ.

ಸರ್ವರಿನ ಪ್ರಮಾಣಪತ್ರವೂ ಹೀಗೆಯೇ. ಅದರಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ: ತಾಣದ ಹೆಸರು, ಆ ತಾಣದ ‘ಬಹಿರಂಗ ಕೀಲಿ’ ಎಂಬ ದೊಡ್ಡ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ ಪತ್ರ ಸಲ್ಲುತ್ತದೆ ಎಂಬ ತಾರೀಕು, ಮತ್ತು ಇವೆಲ್ಲ ನಿಜವೆಂದು ಒಂದು ಪ್ರಮಾಣೀಕರಣ ಸಂಸ್ಥೆ ಹಾಕಿದ ಸಹಿ. ಇಂಥ ನಂಬಿಕಸ್ಥ ಸಂಸ್ಥೆಗಳ ಪಟ್ಟಿ ಪ್ರತಿ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಮೊದಲೇ ತುಂಬಿರುತ್ತದೆ. ಅದರಲ್ಲಿರುವವು ಬೇರು ಪತ್ರಗಳು. ಬೇರು ಪತ್ರ ನಡುವಿನ ಪತ್ರಕ್ಕೆ ಸಹಿ ಹಾಕುತ್ತದೆ, ನಡುವಿನ ಪತ್ರ ಸರ್ವರಿನ ಪತ್ರಕ್ಕೆ ಸಹಿ ಹಾಕುತ್ತದೆ. ಬ್ರೌಸರ್ ಎಲೆಯಿಂದ ಬೇರಿನವರೆಗೆ ಸಹಿಗಳನ್ನು ಹಿಡಿದುಕೊಂಡು ಹೋಗಿ ನೋಡುತ್ತದೆ.

ಈಗ ಎಷ್ಟೋ ಕಚೇರಿಗಳಲ್ಲಿ ಅರ್ಜಿದಾರನೇ ‘ಇದು ನಿಜ’ ಎಂದು ಬರೆದು ಸಹಿ ಮಾಡುವ ಸ್ವಯಂ ದೃಢೀಕರಣ ನಡೆಯುತ್ತದೆ. ಸರ್ವರಿನಲ್ಲೂ ತನಗೆ ತಾನೇ ಸಹಿ ಹಾಕಿಕೊಂಡ ಪತ್ರ ಮಾಡಿಕೊಳ್ಳಬಹುದು. ಕಲಿಕೆಗೆ ಅದು ಒಳ್ಳೆಯದು. ಆದರೆ ಬ್ರೌಸರ್ ಎಂಬ ಗುಮಾಸ್ತರು ಅದನ್ನು ಒಪ್ಪುವುದಿಲ್ಲ. ಏಕೆಂದರೆ ಕಳ್ಳನೂ ಅಂಥ ಪತ್ರವನ್ನು ಒಂದು ನಿಮಿಷದಲ್ಲಿ ಮಾಡಿಕೊಳ್ಳಬಲ್ಲ.

ಕಾಗದ ಪೆನ್ನು ಸಾಕು

ಶಾಯಿಯಿಲ್ಲದ ಸಹಿ ಹೇಗೆ ಸಾಧ್ಯ? 1977ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ಮೂವರು ಇದಕ್ಕೊಂದು ದಾರಿ ಕಂಡುಹಿಡಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ಆರ್‌ಎಸ್‌ಎ ಎನಿಸಿಕೊಂಡಿತು. ಸಣ್ಣ ಸಂಖ್ಯೆಗಳಲ್ಲಿ ಅದನ್ನು ಹತ್ತನೇ ತರಗತಿಯ ಹುಡುಗರೂ ಮಾಡಿ ನೋಡಬಹುದು.

ಬಹಿರಂಗ ಸಂಖ್ಯೆಗಳು 33 ಮತ್ತು 3 ಆಗಿರಲಿ. ಗುಟ್ಟಿನ ಸಂಖ್ಯೆ 7. ಸಹಿ ಹಾಕಬೇಕಾದ ಸಂದೇಶ 4. ಗುಟ್ಟು ಬಲ್ಲವರು 4ನ್ನು ಏಳು ಸಲ ಬರೆದು ಗುಣಿಸುತ್ತಾರೆ: 16384. ಇದನ್ನು 33ರಿಂದ ಭಾಗಿಸಿದರೆ ಶೇಷ 16. ಇದೇ ಸಹಿ. ಪರೀಕ್ಷಿಸುವವರಿಗೆ 7 ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರು 16ನ್ನು ಮೂರು ಸಲ ಬರೆದು ಗುಣಿಸುತ್ತಾರೆ: 4096. ಇದನ್ನು 33ರಿಂದ ಭಾಗಿಸಿದರೆ ಶೇಷ 4. ಸಂದೇಶ ಮರಳಿ ಸಿಕ್ಕಿತು, ಸಹಿ ಅಸಲಿ! 

7 ಎಲ್ಲಿಂದ ಬಂತು? 33 ಎಂದರೆ 3 ಮತ್ತು 11ರ ಗುಣಲಬ್ಧ. ಎರಡರಲ್ಲೂ ಒಂದೊಂದು ಕಳೆದು ಗುಣಿಸಿದರೆ 2 × 10 = 20. ಬಹಿರಂಗ ಸಂಖ್ಯೆ 3ನ್ನು ಯಾವುದರಿಂದ ಗುಣಿಸಿ 20ರಿಂದ ಭಾಗಿಸಿದರೆ 1 ಉಳಿಯುತ್ತದೋ ಅದೇ ಗುಟ್ಟು. 3 × 7 = 21 ಅಲ್ಲವೆ? 33ರ ಅಪವರ್ತನಗಳನ್ನು ಮಕ್ಕಳೂ ಹೇಳುತ್ತಾರೆ. ಆದರೆ ಸರ್ವರುಗಳು ಬಳಸುವ 2048 ಬಿಟ್‌ನ ಸಂಖ್ಯೆಯಲ್ಲಿ 617 ಅಂಕಿಗಳಿರುತ್ತವೆ. 2020ರಲ್ಲಿ ಗಣಿತಜ್ಞರು ಅನೇಕ ಕಂಪ್ಯೂಟರುಗಳನ್ನು ಒಟ್ಟಿಗೆ ದುಡಿಸಿ 250 ಅಂಕಿಗಳ ಇಂಥ ಒಂದು ಸಂಖ್ಯೆಯನ್ನು ಬಿಡಿಸಿದ್ದೇ ಸುದ್ದಿಯಾಯಿತು. ಹೀಗಾಗಿ ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ಹಾಕಲು ಮಾತ್ರ ಗುಟ್ಟು ಬಲ್ಲವರಿಗೇ ಸಾಧ್ಯ.

ಸರ್ವರ್ ತನ್ನ ಬಳಿ ಗುಟ್ಟಿನ ಕೀಲಿ ಇದೆಯೆಂದು ಇಂಥ ಸಹಿಯಿಂದಲೇ ತೋರಿಸಿಕೊಡುತ್ತದೆ. ಆಮೇಲೆ ಬ್ರೌಸರ್ ಮತ್ತು ಸರ್ವರ್ ಸೇರಿ ಆ ಒಂದು ಮಾತುಕತೆಗೆ ಮಾತ್ರ ಸಲ್ಲುವ ಹೊಸ ಗುಟ್ಟನ್ನು ಕಟ್ಟಿಕೊಂಡು, ಅದರಲ್ಲಿ ಎಲ್ಲವನ್ನೂ ಮರೆಮಾಡಿ ಕಳಿಸುತ್ತವೆ. ದಾರಿಯಲ್ಲಿ ಕದ್ದು ನೋಡುವವನಿಗೆ ಅರ್ಥವಾಗದ ಅಕ್ಷರರಾಶಿ ಮಾತ್ರ ಸಿಗುತ್ತದೆ.

ಮೊಹರೇ ಕಳುವಾದಾಗ

ಗೆಜೆಟೆಡ್ ಅಧಿಕಾರಿಯ ಮೊಹರನ್ನೇ ಕಳ್ಳ ಕದ್ದರೆ? 2011ರಲ್ಲಿ ಹಾಗೆಯೇ ಆಯಿತು. ನೆದರ್ಲೆಂಡ್ಸ್‌ನ ಬೆವರ್‌ವೈಕ್ ಎಂಬ ಊರಿನಲ್ಲಿ ಡಿಜಿನೋಟಾರ್ ಎಂಬ ಪ್ರಮಾಣೀಕರಣ ಸಂಸ್ಥೆ ಇತ್ತು. ಆ ದೇಶದ ಸರ್ಕಾರಿ ತಾಣಗಳಿಗೂ ಅದೇ ಪತ್ರ ಕೊಡುತ್ತಿತ್ತು. ಅದರ ಕಂಪ್ಯೂಟರುಗಳಿಗೆ ನುಗ್ಗಿದವರು ಜುಲೈನಲ್ಲಿ ಗೂಗಲ್ ಹೆಸರಿನ ಪತ್ರವೊಂದನ್ನು ಮಾಡಿಕೊಂಡರು. ಸಹಿ ಅಸಲಿ, ಪತ್ರ ಮಾತ್ರ ನಕಲಿ. ಸಂಸ್ಥೆಗೆ ಜುಲೈನಲ್ಲೇ ಕಳವಿನ ಸುಳಿವು ಸಿಕ್ಕಿತ್ತು. ಕೆಲವು ಪತ್ರಗಳನ್ನು ರದ್ದುಪಡಿಸಿ ಅದು ಸುಮ್ಮನಾಯಿತು, ಜಗತ್ತಿಗೆ ಹೇಳಲಿಲ್ಲ.

ಆಗಸ್ಟ್ ಕೊನೆಯಲ್ಲಿ ಇರಾನಿನ ಒಬ್ಬ ಬಳಕೆದಾರನಿಗೆ ಜಿಮೇಲ್ ತೆರೆಯುವಾಗ ಎಚ್ಚರಿಕೆಯ ಪರದೆ ಕಂಡಿತು. ಗೂಗಲ್‌ನದೇ ಆದ ಕ್ರೋಮ್ ಬ್ರೌಸರಿಗೆ ತನ್ನ ಸಂಸ್ಥೆಯ ಕೀಲಿಗಳು ಯಾವುವೆಂದು ಮೊದಲೇ ಗೊತ್ತಿದ್ದರಿಂದ ಅದು ಈ ಪತ್ರವನ್ನು ಒಪ್ಪಲಿಲ್ಲ. ಆ ಬಳಕೆದಾರ ‘ಕೆಳಗೆ ಒತ್ತಿ ಮುಂದಕ್ಕೆ’ ಹೋಗಲಿಲ್ಲ. ಇದೇನೆಂದು ಗೂಗಲ್‌ನವರನ್ನೇ ಕೇಳಿದ. ಅಲ್ಲಿಂದ ಇಡೀ ಕಥೆ ಹೊರಬಿತ್ತು. ತನಿಖೆಯಲ್ಲಿ 531 ನಕಲಿ ಪತ್ರಗಳು ಪತ್ತೆಯಾದವು. ಗೂಗಲ್ ಹೆಸರಿನ ನಕಲಿ ಪತ್ರ ಎದುರಾಗಿದ್ದ ಸುಮಾರು 3 ಲಕ್ಷ ಇಂಟರ್‌ನೆಟ್ ವಿಳಾಸಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇರಾನಿನವು. ಅಷ್ಟು ಜನರ ಖಾಸಗಿ ಪತ್ರಗಳನ್ನು ಮೂರನೆಯವರು ಓದಲು ದಾರಿಯಾಗಿತ್ತು. ಎಲ್ಲ ಬ್ರೌಸರುಗಳೂ ಡಿಜಿನೋಟಾರ್ ಹೆಸರನ್ನು ಪಟ್ಟಿಯಿಂದ ಕಿತ್ತುಹಾಕಿದವು. ಸೆಪ್ಟೆಂಬರ್ 20ರಂದು ಸಂಸ್ಥೆ ದಿವಾಳಿಯಾಯಿತು.

ಭಾರತಕ್ಕೂ ಇಂಥ ಪೆಟ್ಟು ಬಿದ್ದಿದೆ. 2014ರ ಜುಲೈನಲ್ಲಿ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನ ವ್ಯವಸ್ಥೆಯಿಂದ ಗೂಗಲ್ ಮುಂತಾದ ಹೆಸರುಗಳ ಅನಧಿಕೃತ ಪತ್ರಗಳು ಹೊರಬಿದ್ದದ್ದು ಪತ್ತೆಯಾಯಿತು. ಪತ್ರ ಕೊಡಲು ಆ ಸೆಂಟರಿಗಿದ್ದ ಅಧಿಕಾರಪತ್ರಗಳನ್ನು ಕೇಂದ್ರದ ನಿಯಂತ್ರಣಾಧಿಕಾರಿಗಳು ರದ್ದುಪಡಿಸಬೇಕಾಯಿತು. ಇಂಥ ಪೆಟ್ಟುಗಳಿಂದಲೇ ಹೊಸ ಪದ್ಧತಿ ಬಂತು. ಕೊಟ್ಟ ಪ್ರತಿಯೊಂದು ಪತ್ರವನ್ನೂ ಯಾರು ಬೇಕಾದರೂ ಓದಬಹುದಾದ ದಾಖಲೆ ಪುಸ್ತಕದಲ್ಲಿ ಬರೆಯಬೇಕು. 2018ರಿಂದ ಕ್ರೋಮ್ ಇದನ್ನು ಕಡ್ಡಾಯ ಮಾಡಿತು.

ತಾರೀಕು ಏಕೆ ಬೇಕು?

ಒಮ್ಮೆ ಕೊಟ್ಟ ಪತ್ರ ಹತ್ತು ವರ್ಷ ಸಲ್ಲಲಿ ಎಂದರೆ ಏನು ತೊಂದರೆ? ಮೊದಲನೆಯದು, ಗುಟ್ಟಿನ ಕೀಲಿ ಯಾವತ್ತಾದರೂ ಕಳುವಾಗಬಹುದು. ರದ್ದುಪಡಿಸುವ ವ್ಯವಸ್ಥೆ ಉಂಟಾದರೂ ಪ್ರತಿ ಬ್ರೌಸರಿಗೂ ಆ ಸುದ್ದಿ ಸಮಯಕ್ಕೆ ಮುಟ್ಟುತ್ತದೆ ಎನ್ನುವಂತಿಲ್ಲ. ಎರಡನೆಯದು, ತಾಣದ ಹೆಸರೂ ಕೈ ಬದಲಾಯಿಸುತ್ತದೆ. ಬಾಡಿಗೆದಾರ ಮನೆ ಬಿಟ್ಟ ಮೇಲೂ ಹಳೆಯ ಬೀಗದ ಕೈ ಅವನ ಬಳಿಯೇ ಇದ್ದಂತೆ ಆಗುತ್ತದೆ. ಆದ್ದರಿಂದ ಅವಧಿಯನ್ನು ಇಳಿಸುತ್ತಲೇ ಬಂದಿದ್ದಾರೆ. 2020ರ ಸೆಪ್ಟೆಂಬರಿನಿಂದ ಗರಿಷ್ಠ 398 ದಿನ ಎಂದಾಯಿತು. 2025ರ ಏಪ್ರಿಲ್‌ನಲ್ಲಿ ಬ್ರೌಸರ್ ತಯಾರಕರೂ ಪ್ರಮಾಣೀಕರಣ ಸಂಸ್ಥೆಗಳೂ ಸೇರಿ ಒಪ್ಪಿದ ವೇಳಾಪಟ್ಟಿಯ ಪ್ರಕಾರ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ.

ತಾರೀಕು ಮರೆತರೆ ದೊಡ್ಡವರೂ ಎಡವುತ್ತಾರೆ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2 ಜಾಲದ 3 ಕೋಟಿಗೂ ಹೆಚ್ಚು ಗ್ರಾಹಕರಿಗೆ ಮೊಬೈಲ್ ಇಂಟರ್‌ನೆಟ್ ನಿಂತುಹೋಯಿತು. ಜಪಾನಿನ ಸಾಫ್ಟ್‌ಬ್ಯಾಂಕ್ ಜಾಲಕ್ಕೂ ಅದೇ ಪಾಡು. ಎರಿಕ್ಸನ್ ಕಂಪನಿಯ ಸಾಫ್ಟ್‌ವೇರಿನೊಳಗಿದ್ದ ಪತ್ರವೊಂದರ ಅವಧಿ ಮುಗಿದಿತ್ತು, ಅಷ್ಟೇ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ವಿವರಗಳು ಕಳುವಾದವು. ಕಳ್ಳರನ್ನು ಕಾಣಬೇಕಾಗಿದ್ದ ಕಾವಲು ಯಂತ್ರದಲ್ಲಿ ಪತ್ರದ ಅವಧಿ ತಿಂಗಳುಗಟ್ಟಲೆ ಹಿಂದೆಯೇ ಮುಗಿದು, ಅದು ಕುರುಡಾಗಿ ಕುಳಿತಿತ್ತು. ಪತ್ರವನ್ನು ಹೊಸದು ಮಾಡಿದ ಕೂಡಲೇ ಕಳವು ಕಣ್ಣಿಗೆ ಬಿತ್ತು.

ಬಿಟ್ಟಿ ಪತ್ರ, ಆದರೆ ಪರೀಕ್ಷೆ ಉಂಟು

ಹಿಂದೆ ಇಂಥ ಪತ್ರಕ್ಕೆ ಸಾಮಾನ್ಯವಾಗಿ ಹಣ ಕೊಡಬೇಕಿತ್ತು. ಲಾಭದ ಉದ್ದೇಶವಿಲ್ಲದ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆ 2015ರ ಡಿಸೆಂಬರಿನಿಂದ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು. 90 ದಿನಗಳ ಪತ್ರದಿಂದಲೇ ಅದು ಕೆಲಸ ಆರಂಭಿಸಿತು. ಇಷ್ಟು ಕಡಿಮೆ ಏಕೆಂದರೆ, ನವೀಕರಣವನ್ನು ಮನುಷ್ಯರು ನೆನಪಿಟ್ಟು ಮಾಡುವ ಬದಲು ಯಂತ್ರಕ್ಕೇ ಒಪ್ಪಿಸಲಿ ಎಂದು.

ಪತ್ರ ಬೇಕಾದ ಸರ್ವರ್ ಮೊದಲು ತನ್ನ ಕೀಲಿಜೋಡಿಯನ್ನು ತಾನೇ ಮಾಡಿಕೊಳ್ಳುತ್ತದೆ. ಗುಟ್ಟಿನ ಕೀಲಿ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಬಹಿರಂಗ ಕೀಲಿ ಮಾತ್ರ ಅರ್ಜಿಯ ಜೊತೆ ಹೋಗುತ್ತದೆ. ಆಗ ಸಂಸ್ಥೆ ಒಂದು ಪರೀಕ್ಷೆ ಒಡ್ಡುತ್ತದೆ: ‘ಈ ಹೆಸರಿನ ತಾಣ ನಿನ್ನದೇ ಆದರೆ, ನಾನು ಕೊಡುವ ಈ ಅಕ್ಷರಗಳನ್ನು ಅಲ್ಲಿ ಇಂಥ ಜಾಗದಲ್ಲಿ ಇಟ್ಟು ತೋರಿಸು.’ ಸಂಸ್ಥೆಯ ಕಂಪ್ಯೂಟರ್ ಹೊರಗಿನಿಂದ ಬಂದು 80ನೇ ಸಂಖ್ಯೆಯ ಬಾಗಿಲು ತಟ್ಟಿ ಅದನ್ನು ಓದುತ್ತದೆ. ಸರಿಯಿದ್ದರೆ ಪತ್ರ ಸಿದ್ಧ.

ನಮ್ಮ ದೇಶದ ಬಹಳಷ್ಟು ಮನೆಗಳಲ್ಲಿ ಇಲ್ಲೊಂದು ತೊಡಕು. ಇಂಟರ್‌ನೆಟ್ ಕೊಡುವ ಕಂಪನಿಗಳು ಎಷ್ಟೋ ಮನೆಗಳಿಗೆ ಸೇರಿ ಒಂದೇ ಬಹಿರಂಗ ವಿಳಾಸ ಹಂಚಿರುತ್ತವೆ. ವಠಾರದ ಹೊರಬಾಗಿಲು ತಟ್ಟಿದರೆ ಯಾವ ಮನೆಯವರು ಬರಬೇಕು? ಇಂಥವರಿಗೆ ಎರಡನೇ ಪರೀಕ್ಷೆ ಅನುಕೂಲ. ಅಕ್ಷರಗಳನ್ನು ಸರ್ವರಿನಲ್ಲಿ ಇಡದೆ, ತಾಣದ ಹೆಸರಿನ ನೋಂದಣಿ ದಾಖಲೆಯಲ್ಲಿ, ಎಂದರೆ ಡಿಎನ್‌ಎಸ್‌ನಲ್ಲಿ, ಬರೆದರೆ ಸಾಕು. ಯಾರೂ ಮನೆ ಬಾಗಿಲು ತಟ್ಟಬೇಕಾಗಿಲ್ಲ.

ಎಲ್ಲಿ ಎಡವುತ್ತಾರೆ?

ಈ ಕೆಲಸಗಳನ್ನೆಲ್ಲ ಸರ್ಟ್‌ಬಾಟ್ ಎಂಬಂಥ ಉಚಿತ ಸಾಫ್ಟ್‌ವೇರ್ ಮಾಡುತ್ತದೆ. ಅವಧಿಯ ಮೂರನೇ ಒಂದು ಪಾಲು ಉಳಿದಿರುವಾಗಲೇ ಹೊಸ ಪತ್ರ ತರುತ್ತದೆ. ಹಾಗಿದ್ದೂ ಮನೆ ಸರ್ವರುಗಳು ಕೆಲವು ಕಡೆ ಎಡವುವುದುಂಟು.

ಹೊಸ ಪತ್ರ ಬಂದು ಡಿಸ್ಕಿನಲ್ಲಿ ಕುಳಿತಿರುತ್ತದೆ. ಆದರೆ ಓಡುತ್ತಿರುವ ವೆಬ್ ಸರ್ವರ್ ಹಳೆಯದನ್ನೇ ನೆನಪಿನಲ್ಲಿಟ್ಟುಕೊಂಡು ತೋರಿಸುತ್ತಿರುತ್ತದೆ. ಹೊಸ ಪಾಸನ್ನು ಮನೆಯಲ್ಲಿಟ್ಟು ಹಳೆಯದನ್ನು ಜೇಬಿನಲ್ಲಿ ಒಯ್ದಂತೆ! ನವೀಕರಣವಾದ ಕೂಡಲೇ ವೆಬ್ ಸರ್ವರ್ ಪತ್ರವನ್ನು ಮತ್ತೆ ಓದುವಂತೆ ಆಜ್ಞೆ ಬರೆದಿಡಬೇಕು.

ಮನೆಯ ರೂಟರ್ ಬದಲಾದಾಗ 80ನೇ ಬಾಗಿಲು ಮುಚ್ಚಿಹೋಗಿ ಪರೀಕ್ಷೆ ಸೋಲುತ್ತದೆ. ಅದು ತಿಳಿಯುವುದು ವಾರಗಟ್ಟಲೆ ಆದಮೇಲೆ, ಪತ್ರ ಮುಗಿದಾಗ. ಸರ್ಟ್‌ಬಾಟ್‌ನಲ್ಲಿ ನವೀಕರಣದ ತಾಲೀಮು ನಡೆಸುವ ಸೌಲಭ್ಯವಿದೆ. ಏನನ್ನಾದರೂ ಬದಲಾಯಿಸಿದ ದಿನವೇ ಅದನ್ನು ನಡೆಸಿ ನೋಡುವುದು ಜಾಣತನ. ಪತ್ರಗಳಿಗೆ ವಾರದ ಮಿತಿಯೂ ಇರುವುದರಿಂದ, ಕಲಿಯುವವರು ಅಭ್ಯಾಸಕ್ಕೆಂದೇ ಇರುವ ಸರ್ವರನ್ನು ಬಳಸಬೇಕು.

ನಡುವಿನ ಪತ್ರವನ್ನು ಜೊತೆಗೆ ಕಳಿಸಲು ಮರೆಯುವುದು ಇನ್ನೊಂದು ತಪ್ಪು. ಒಂದು ಫೋನಿನಲ್ಲಿ ಸರಿಯಾಗಿ ಕಾಣುವ ತಾಣ ಇನ್ನೊಂದರಲ್ಲಿ ಕೆಂಪಾಗುತ್ತದೆ. ನೋಡುವವರ ಗಡಿಯಾರವೂ ಸರಿಯಿರಬೇಕು. ಸೆಲ್ ಸತ್ತ ಹಳೆಯ ಕಂಪ್ಯೂಟರ್ ವರ್ಷಗಳ ಹಿಂದಿನ ತಾರೀಕು ತೋರಿಸುತ್ತಿದ್ದರೆ, ಅದರ ಲೆಕ್ಕದಲ್ಲಿ ಎಲ್ಲ ಪತ್ರಗಳೂ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಗುಟ್ಟಿನ ಕೀಲಿಯ ಕಡತವನ್ನು ಗೆಳೆಯರಿಗೆ ಕಳಿಸುವುದು, ಎಲ್ಲರೂ ನೋಡುವ ಜಾಗದಲ್ಲಿ ಪ್ರೋಗ್ರಾಮಿನ ಜೊತೆ ಸೇರಿಸಿ ಇಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಾಗಾದರೆ ಆ ಪತ್ರವನ್ನು ರದ್ದುಪಡಿಸಿ ಹೊಸ ಕೀಲಿ ಮಾಡಿಕೊಳ್ಳಬೇಕು. ತಾಣದ ಹೆಸರು ಸಾರ್ವಜನಿಕ ದಾಖಲೆ ಪುಸ್ತಕದಲ್ಲಿ ಬೀಳುತ್ತದೆ ಎಂಬುದನ್ನೂ ಮರೆಯಬಾರದು. ಆದ್ದರಿಂದ ಹೆಸರಿನಲ್ಲಿ ಮನೆಯವರ ಹೆಸರು, ಊರು ಸೇರಿಸದಿರುವುದು ಒಳ್ಳೆಯದು.

ಪತ್ರ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಹಿಂದೆ ಇ-ಮೇಲ್ ಕಳಿಸುತ್ತಿತ್ತು. 2025ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿತು. ಯಂತ್ರಕ್ಕೆ ಒಪ್ಪಿಸಿದ ಕೆಲಸವನ್ನೂ ಆಗಾಗ ನೋಡಬೇಕಾದವರು ಮನೆಯವರೇ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಗುರುತು ಹಾಕಿದರೂ ಸಾಕು.

ಪತ್ರ ಹೇಳದ ಮಾತು

ಪ್ರಮಾಣಪತ್ರ ಹೇಳುವುದು ಇಷ್ಟೇ: ಬಂದಿರುವುದು ಈ ಹೆಸರಿನ ತಾಣಕ್ಕೇ, ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ. ತಾಣದ ಯಜಮಾನ ಒಳ್ಳೆಯವನೆಂದು ಅದು ಹೇಳುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಮೋಸಗಾರನೂ ಪತ್ರ ಪಡೆಯಬಹುದು. ಬೀಗದ ಚಿತ್ರ ಕಂಡ ಮಾತ್ರಕ್ಕೆ ಜನ ನಂಬಿಬಿಡುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದುಹಾಕಿತು. ಹೆಸರನ್ನು ಅಕ್ಷರ ಅಕ್ಷರವಾಗಿ ಓದುವ ಕೆಲಸ ಓದುವವರದೇ.

ಇನ್ನು ಆ ಹುಡುಗಿಯ ವಿಷಯ. ಅವಳು ತಂದೆಗೆ ಕೊಡಬೇಕಾಗಿದ್ದ ಉತ್ತರ ಬೇರೆಯೇ ಇತ್ತು: ‘ಅಪ್ಪ, ಈಗ ಮುಚ್ಚಿಬಿಡಿ. ನಾನು ಸರಿಮಾಡಿ ಫೋನ್ ಮಾಡ್ತೀನಿ. ಕೆಂಪಗೆ ಬಂದಾಗ ಯಾವತ್ತೂ ಮುಂದಕ್ಕೆ ಹೋಗ್ಬೇಡಿ, ನಮ್ಮ ಮನೇದೇ ಆದರೂ.’ ಫೋಟೋ ನೋಡುವುದು ಒಂದು ದಿನ ತಡವಾಗುತ್ತಿತ್ತು, ಅಷ್ಟೇ. ಕೆಂಪು ಪರದೆಗೆ ನಿಲ್ಲುವ ಅಭ್ಯಾಸ ಮಾತ್ರ ತಂದೆಯ ಬಳಿ ಉಳಿಯುತ್ತಿತ್ತು.

ಮಕ್ಕಳು ಮನೆಯಲ್ಲಿ ಸರ್ವರ್ ಕಟ್ಟುತ್ತೇನೆಂದರೆ ತಂದೆತಾಯಂದಿರು ಬೇಡವೆನ್ನಬೇಕಾಗಿಲ್ಲ. ‘ಪತ್ರ ಎಂದಿಗೆ ಮುಗಿಯುತ್ತೆ, ಮುಗಿಯುವ ಮೊದಲು ಹೊಸದು ತರೋರು ಯಾರು?’ ಎಂದು ಕೇಳಿದರೆ ಸಾಕು. ಅದಕ್ಕೆ ಉತ್ತರ ಸಿದ್ಧವಿದ್ದರೆ ಆ ಹುಡುಗನೋ ಹುಡುಗಿಯೋ ಅರ್ಧ ಎಂಜಿನಿಯರ್ ಆದಂತೆಯೇ.